ಅಪ್ಪು ಬಿಟ್ಟ ಗುಳ್ಳೆಗಳು

‘ಗಂಧದ ಗುಡಿ’ ಬಿಡುಗಡೆಯಾಗಿದ್ದು 2022ರ ಅಕ್ಟೋಬರ್ 28ಕ್ಕೆ. ಮಾರನೇ ದಿನ ಅಪ್ಪು ಹೋಗಿ ಒಂದು ವರ್ಷ. ಥಿಯೇಟರಿನಲ್ಲಿ ಶಿಳ್ಳೆಯೂ ಇತ್ತು, ಅಳುವೂ ಇತ್ತು. ನನ್ನ ತಲೆಯಲ್ಲಿ ಉಳಿದಿದ್ದು ನೇತ್ರಾಣಿಯ ಸ್ಕೂಬಾ ದೃಶ್ಯ.

ಹನುಮನಹಳ್ಳಿಯಲ್ಲಿ ಈಜು ಕಲಿಸೋಕೆ ಬಾವಿಗೆ ಇಳಿಸುವಾಗ ತಾತ ಹೇಳ್ತಿದ್ದದ್ದು ಒಂದೇ: ‘ಉಸುರು ಬಿಗಿ ಹಿಡಿಯಲೇ ತಮ್ಮಾ.’ ಸ್ಕೂಬಾದಲ್ಲಿ ಪಾಠ ಉಲ್ಟಾ. ಉಸಿರು ಹಿಡಿಯಲೇಬಾರದು. 10 ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು. ಅಲ್ಲಿ ಎಳೆದುಕೊಂಡ ಗಾಳಿಯನ್ನು ಹಿಡಿದುಕೊಂಡೇ ಮೇಲೆ ಬಂದರೆ ಅದು ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಹಾಗಾಗಿ ಸ್ಟಾರ್ ಆದರೂ ಉಸಿರಾಡುತ್ತಲೇ ಇರಬೇಕು. ಡೈಲಾಗ್ ಇಲ್ಲ. ಮುಖದ ಮೇಲೆ ಮಾಸ್ಕ್, ಆ ನಗುವೂ ಕಾಣಲ್ಲ. ಕಾಣುವುದು ಗುಳ್ಳೆ. ಹೃದಯಾಘಾತದಿಂದ 46ಕ್ಕೇ ಹೋದ ಮನುಷ್ಯ ಪರದೆ ಮೇಲೆ ಉಸಿರು ಬಿಡ್ತಾ ಇದ್ದಾರೆ. ಇಡೀ ಚಿತ್ರದಲ್ಲಿ ನನ್ನನ್ನು ಇಷ್ಟು ಅಲ್ಲಾಡಿಸಿದ್ದು ಬೇರೆ ಇಲ್ಲ.

ಅದಕ್ಕೇ ನನ್ನ ತಕರಾರು. ನಿರ್ದೇಶಕ ಅಮೋಘವರ್ಷ ಆ ಉಸಿರನ್ನೇ ನಂಬಬೇಕಿತ್ತು. ಅಜನೀಶ್ ಲೋಕನಾಥ್ ಸಂಗೀತ ಚೆನ್ನಾಗಿದೆ, ಆದರೆ ಇಲ್ಲಿ ಅರ್ಧ ನಿಮಿಷ ರೆಗ್ಯುಲೇಟರಿನ ಸದ್ದಷ್ಟೇ ಸಾಕಿತ್ತು. ಇನ್ನು ಹವಳ. ಕಣ್ಣೆಲ್ಲ ಅಪ್ಪು ಹಿಂದೆ ಹೋಗುತ್ತೆ, ಬಂಡೆಗೆ ಅಂಟಿದ ಹವಳ ನನಗೆ ವಾಲ್‌ಪೇಪರ್ ಅನ್ನಿಸಿತು. ಅದು ಗಿಡ ಅಲ್ಲ ಮಾರಾಯ್ರೆ, ಪ್ರಾಣಿ. ಮುರುಡೇಶ್ವರದ ಆಚೆಯ ಈ ದ್ವೀಪವನ್ನು ನೌಕಾಪಡೆ ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿಕೊಂಡಿದೆ. ಆ ಕತೆಯನ್ನು ಅಪ್ಪು ಬಾಯಲ್ಲಿ ಕೇಳೋ ಆಸೆ ನನಗಿತ್ತು.

ಚಿತ್ರ ನೋಡಿ ವೀಕೆಂಡಿಗೆ ನೇತ್ರಾಣಿ ಬುಕ್ ಮಾಡಿದವರು ನನ್ನ ಟೀಮಿನಲ್ಲೇ ಮೂವರು. ಕಾಲಿನ ಫಿನ್ ಹವಳಕ್ಕೆ ತಗುಲಿಸಬೇಡ್ರಪ್ಪಾ ಅಂತ ಹೇಳಿ ಕಳಿಸಿದೆ.