ಕಚೇರಿ ಮತ್ತು ಕೇರಿ

ಕನ್ನಡದಲ್ಲಿ ಕಚೇರಿ ಅನ್ನೋ ಮಾತಿಗೆ ಎರಡು ಅರ್ಥ. ಒಂದು ತಾಲ್ಲೂಕು ಕಚೇರಿ, ಇನ್ನೊಂದು ಸಂಗೀತ ಕಚೇರಿ. ಮೊದಲನೆಯದರ ಬಾಗಿಲಲ್ಲಿ ನಮ್ಮ ಅಪ್ಪಂದಿರು ಅರ್ಜಿ ಹಿಡಿದು ನಿಂತು ಕಾಲು ಸವೆಸಿದರು. ಎರಡನೆಯದು ಯಾವ ಬೀದಿಯಲ್ಲಿದೆ ಅನ್ನೋದೂ ಅವರಿಗೆ ಗೊತ್ತಿರಲಿಲ್ಲ. ಎರಡರ ಒಳಕ್ಕೂ ಕಾಲಿಟ್ಟ ಮೊದಲ ತಲೆಮಾರು ನಮ್ಮದು. ಮೊದಲನೆಯದಕ್ಕೆ ಜಾತಿ ಸರ್ಟಿಫಿಕೇಟಿಗಾಗಿ ಹೋದೆವು. ಎರಡನೆಯದಕ್ಕೆ ನಮ್ಮ ಕಿವಿಯೇ ನಮ್ಮನ್ನು ಎಳೆದುಕೊಂಡು ಹೋಯಿತು. ಹುಟ್ಟಿದಾಗಿನಿಂದ ಈವರೆಗೆ ಎದುರಿಗೆ ನಿಂತು, ಕೂತು ಕೇಳಿದ ಸಂಗೀತದ ಲೆಕ್ಕವನ್ನು ಈಗ ಹಾಕಬೇಕಾಗಿದೆ. ಯಾಕೆಂದರೆ ನಾದಕ್ಕೆ ಜಾತಿ ಇಲ್ಲ ಎಂದು ಉಪದೇಶ ಮಾಡುವವರು ಹೆಚ್ಚಾಗುತ್ತಿದ್ದಾರೆ. ನಾದಕ್ಕೆ ಇಲ್ಲದೆ ಇರಬಹುದು. ನಾದ ಹುಟ್ಟುವ ತೊಗಲಿಗೆ, ಬಾರಿಸುವವನು ಕೂರುವ ಜಾಗಕ್ಕೆ, ಅವನ ಕೈಗೆ ಬೀಳುವ ದುಡ್ಡಿಗೆ ಜಾತಿ ಇದೆಯೋ ಇಲ್ಲವೋ ಎಂಬುದು ನಮ್ಮ ಪ್ರಶ್ನೆ.

ನಾವು ಕೇಳಿದ ಮೊದಲ ಸಂಗೀತ ತಮಟೆ. ಮಾರಿಹಬ್ಬಕ್ಕೆ ಒಂದು ವರಸೆ, ಮದುವೆಗೆ ಇನ್ನೊಂದು, ಹೆಣದ ಮುಂದೆ ಮತ್ತೊಂದು. ದೂರದ ಸದ್ದು ಕೇಳಿಯೇ ನಮ್ಮ ಅವ್ವಂದಿರು ‘ಯಾರೋ ಹೋದ್ರು ಕಣೋ’ ಅನ್ನೋರು. ಬಾರಿಸುವ ಮುಂಚೆ ಒಣಹುಲ್ಲು ಗುಡ್ಡೆ ಹಾಕಿ, ಬೆಂಕಿ ಹೊತ್ತಿಸಿ ತೊಗಲು ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ನೋಡುತ್ತಾರೆ. ಸದ್ದು ಮಂದ ಅನ್ನಿಸಿದರೆ ಮತ್ತೆ ಕಾಯಿಸುತ್ತಾರೆ. ಇದು ಶ್ರುತಿ ಮಾಡಿಕೊಳ್ಳುವುದಲ್ಲದೆ ಮತ್ತೇನು? ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಎರಡೂ ಬೇರೆ ಬೇರೆ ಲೆಕ್ಕದಲ್ಲಿ ಓಡಿ ಒಂದೇ ಕಡೆ ಬಂದು ಸೇರುತ್ತವೆ. ಈ ಲೆಕ್ಕವನ್ನು ಒಂದನೇ ಕ್ಲಾಸಿಗೂ ಹೋಗದ ಮುದುಕರು ತಪ್ಪದೆ ಹಾಕುವುದನ್ನು ನಾವು ಕಂಡಿದ್ದೇವೆ. ಆದರೆ ದೇವರ ಮುಂದೆ ಬಾರಿಸಿದ ಆ ಕೈ ಗುಡಿಯ ಹೊಸ್ತಿಲು ಮುಟ್ಟುವಂತಿರಲಿಲ್ಲ. ಕೂಲಿ ಎಂದರೆ ಒಂದಿಷ್ಟು ಕಾಳು, ಎಲೆಯಡಿಕೆ, ಸೆರೆ. ಸಂಭಾವನೆ ಅನ್ನೋ ಮಾತು ಆ ಕೈಗೆ ಯಾವತ್ತೂ ಸಿಕ್ಕಿದ್ದಿಲ್ಲ.

ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಇನ್ನೂ ಒಂದು ಪಾಠಶಾಲೆ ಇತ್ತು. ನೀಲಗಾರರು ತಂಬೂರಿ ಮೀಟಿ ಮಂಟೇಸ್ವಾಮಿಯ ಕತೆಯನ್ನು, ದೇವರಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕತೆಯನ್ನು ಬೆಳಗಾಗುವವರೆಗೆ ಹಾಡುವ ರಾತ್ರಿಗಳು. ಅಲ್ಲಿ ಕೇಳುವವರು ಸುಮ್ಮನೆ ಕೂರುವುದಿಲ್ಲ. ಸೊಲ್ಲು ಹಿಡಿಯುತ್ತಾರೆ, ನಡುವೆ ಮಾತಾಡುತ್ತಾರೆ, ಅಳುತ್ತಾರೆ, ಮಗು ಮಲಗಿಸುತ್ತಾರೆ, ಕತೆ ತಪ್ಪಿದರೆ ‘ಹಂಗಲ್ಲ ಕಣಪ್ಪ’ ಎಂದು ತಿದ್ದುತ್ತಾರೆ. ಹಾಡುವವನು ಒಬ್ಬ, ಉಳಿದವರು ರಸಿಕರು ಎಂಬ ಭೇದ ಅಲ್ಲಿ ಗಟ್ಟಿಯಾಗಿರಲಿಲ್ಲ.

ಈ ಕಿವಿ ಹೊತ್ತುಕೊಂಡು ನಾವು ಊರು ಬಿಟ್ಟು ಬೆಂಗಳೂರಿನ ಹಾಸ್ಟೆಲಿಗೆ ಬಂದೆವು. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಲ್ಲಿ ಶುರುಮಾಡಿದ ರಾಮೋತ್ಸವದ ಕಚೇರಿಗಳು ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಬೇಸಿಗೆಯ ತಿಂಗಳಲ್ಲಿ ನಡೆಯುತ್ತಾ ಬಂದಿವೆ. ಅಂಥ ಪೆಂಡಾಲುಗಳ ಹಿಂದಿನ ಸಾಲಿನಲ್ಲಿ ಕೂತು ಕೇಳಿದೆವು. ಸಂಗಾತಿಗಳಿಗೆ ಬೇಸರವಾದರೂ ಸರಿ, ಒಂದು ಮಾತನ್ನು ಮುಚ್ಚಿಡುವುದಿಲ್ಲ: ಆ ಸಂಗೀತ ಚೆನ್ನಾಗಿತ್ತು. ಕಲ್ಯಾಣಿ ರಾಗ ಬೆಳೆಯುತ್ತಾ ಹೋದಾಗ ನಮ್ಮ ಎದೆಯೂ ತುಂಬಿತು. ಪುರೋಹಿತಶಾಹಿಯನ್ನು ದ್ವೇಷಿಸಲು ಕಲ್ಯಾಣಿಯನ್ನು ದ್ವೇಷಿಸಬೇಕಿಲ್ಲ. ರಾಗ ಯಾರಪ್ಪನ ಆಸ್ತಿಯೂ ಅಲ್ಲ.

ಆದರೆ ಕಣ್ಣು ಸುಮ್ಮನಿರಲಿಲ್ಲ. ಹಾಡು ಮುಗಿದು ಮೃದಂಗದವರ ತನಿ ಆವರ್ತನ ಶುರುವಾದರೆ ಸಾಕು, ಮುಂದಿನ ಸಾಲಿನ ರಸಿಕರು ಕಾಫಿಗೆ ಏಳುತ್ತಾರೆ. ಇದು ಕಚೇರಿಗೆ ಹೋಗುವವರೆಲ್ಲ ಬಲ್ಲ ಸಂಗತಿ, ತಮಾಷೆಯ ಮಾತಾಗಿಯೂ ನಡೆಯುತ್ತದೆ. ನಮಗೆ ಅದು ತಮಾಷೆಯಾಗಿ ಕಾಣಲಿಲ್ಲ. ಇಡೀ ಕಚೇರಿಯಲ್ಲಿ ನಮ್ಮ ಕೇರಿಗೆ ತೀರಾ ಹತ್ತಿರವಾದ ಗಳಿಗೆ ಅದು. ತೊಗಲು ಮಾತಾಡುವ ಹೊತ್ತು. ಅದೇ ಹೊತ್ತಿಗೆ ಅವರು ಏಳುತ್ತಾರೆ, ನಾವು ನೆಟ್ಟಗೆ ಕೂರುತ್ತೇವೆ.

ಆ ತೊಗಲು ಎಲ್ಲಿಂದ ಬಂತು? ಮೃದಂಗಕ್ಕೆ ಹಲಸಿನ ಮರ ಬೇಕು. ಹಸು, ಎಮ್ಮೆ, ಆಡು ಈ ಮೂರರ ಚರ್ಮವೂ ಬೇಕು. ಚರ್ಮ ಹದ ಮಾಡಬೇಕು, ಮುಚ್ಚಿಗೆ ಕಟ್ಟಬೇಕು, ಬಾರು ಎಳೆಯಬೇಕು, ಕಲ್ಲಿನ ಪುಡಿಯನ್ನೂ ಅನ್ನವನ್ನೂ ಅರೆದು ಪದರ ಪದರವಾಗಿ ಕರಣೆ ಹಚ್ಚಬೇಕು. ತಮಿಳುನಾಡಿನಲ್ಲಿ ಈ ಕೆಲಸ ಮಾಡುವ ಮನೆತನಗಳಲ್ಲಿ ಹೆಚ್ಚಿನವು ದಲಿತ ಕ್ರೈಸ್ತರವು. ಪಾಲಘಾಟ್ ಮಣಿ ಅಯ್ಯರ್ ಅವರ ಹೆಸರು ಕೇಳದ ರಸಿಕನಿಲ್ಲ, ಅವರಿಗೆ ಮೃದಂಗ ಮಾಡಿಕೊಟ್ಟ ಪರ್ಲಾಂದು ಹೆಸರು ಬಲ್ಲವರು ಎಷ್ಟು ಮಂದಿ? ಗಾಯಕ ಟಿ.ಎಂ. ಕೃಷ್ಣ ಈ ಕುಶಲಕರ್ಮಿಗಳ ಮನೆಮನೆಗೆ ಹೋಗಿ 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ತಂದರು. ಅದರ ಬಿಡುಗಡೆಗೆ ಸಭಾಂಗಣ ಕೊಡಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ ಆಮೇಲೆ ಅನುಮತಿ ವಾಪಸ್ ತೆಗೆದುಕೊಂಡಿತು. ಹಸುವಿನ ಚರ್ಮ ವೇದಿಕೆ ಮೇಲೆ ಪವಿತ್ರ, ಅದರ ಕತೆ ವೇದಿಕೆ ಮೇಲೆ ಮೈಲಿಗೆ. ಗೋವಿನ ಹೆಸರಿನಲ್ಲಿ ನಮ್ಮವರ ಬೆನ್ನ ಮೇಲೆ ಏಟು ಬೀಳುವ ಈ ಕಾಲದಲ್ಲಿ ಈ ಮಾತನ್ನು ಎದುರಿಗೇ ಕೇಳಬೇಕು.

ಇದೆಲ್ಲ ಅನಾದಿಕಾಲದ ಸಂಪ್ರದಾಯ, ಬದಲಿಸಲು ಬಾರದು ಅನ್ನುವವರಿಗೆ ಇತಿಹಾಸ ನೆನಪಿಸೋಣ. ಇಂದು ನಾವು ಕಾಣುವ ಕಚೇರಿಯ ಕ್ರಮವನ್ನು ರೂಪಿಸಿದ ಕೀರ್ತಿ ಅರಿಯಕುಡಿ ರಾಮಾನುಜ ಅಯ್ಯಂಗಾರ್ ಅವರಿಗೆ ಸಲ್ಲುತ್ತದೆ. ಅವರು ಬದುಕಿದ್ದು 1890ರಿಂದ 1967ರವರೆಗೆ. ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಹುಟ್ಟಿದ್ದು 1928ರಲ್ಲಿ. ನಮ್ಮ ಮುತ್ತಜ್ಜಂದಿರ ವಯಸ್ಸಿನ ಸಂಪ್ರದಾಯ ಇದು. ನಮ್ಮ ತಿರುಮಕೂಡಲಿನ ಚೌಡಯ್ಯನವರು ಪಿಟೀಲಿಗೆ ನಾಲ್ಕು ತಂತಿ ಸಾಲದೆಂದು ಏಳು ತಂತಿ ಕಟ್ಟಿದರು. ಯಾಕೆ? ಮೈಕಿಲ್ಲದ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೂ ನಾದ ಮುಟ್ಟಲಿ ಎಂದು. ಹಿಂದಿನವರಿಗೆ ಕೇಳಿಸಲೆಂದು ವಾದ್ಯವನ್ನೇ ಬದಲಿಸಿದ್ದು ದೊಡ್ಡ ಕೆಲಸ. ಆ ಹಿಂದಿನ ಸಾಲು ಕೇರಿಯವರೆಗೆ ಯಾಕೆ ಬರಲಿಲ್ಲ ಅನ್ನುವುದನ್ನು ಸಭೆ ನಡೆಸಿದವರು ಹೇಳಬೇಕು.

ಹೆಣ್ಣುಮಕ್ಕಳಿಗಾದರೂ ಈ ಸಭೆ ಏನು ಮಾಡಿತು? ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ದೇವದಾಸಿ ಮನೆತನದವರು. ತಮ್ಮ ಸಂಪಾದನೆ ಸುರಿದು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹಾಡಲು ಹೆಂಗಸರಿಗೇ ಅವಕಾಶವಿಲ್ಲ ಎಂದರು ಗಂಡಸರು. ಆಕೆ ಹೆಂಗಸರದ್ದೇ ಗುಂಪು ಕಟ್ಟಿ ಎದುರು ನಿಂತರು. ಧಾರವಾಡದ ಗಂಗೂಬಾಯಿ ಹಾನಗಲ್ಲರು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗ 11 ವರ್ಷದ ಹುಡುಗಿ. ಊಟವಾದ ಮೇಲೆ ಎಂಜಲು ತೆಗೆಯಲು ತನಗೆ ಹೇಳುತ್ತಾರೇನೋ ಎಂಬ ಅಂಜಿಕೆ ಕಾಡಿತ್ತೆಂದು ಮುಂದೆ ಅವರೇ ಹೇಳಿಕೊಂಡರು. ಕೊರಳು ವೇದಿಕೆಯ ಮೇಲೆ, ಮನಸ್ಸು ಎಂಜಲೆಲೆಯ ಮೇಲೆ. ಜಾತಿ ಕೊರಳನ್ನು ಹಿಂಡುವ ಬಗೆ ಇದು. ಕಿರಾಣಾ ಘರಾಣೆಯ ಬಗ್ಗೆ ಗ್ರಂಥ ಬರೆಯುವ ವಿಮರ್ಶಕರು ಈ ಭಯದ ಬಗ್ಗೆ ಒಂದು ಪುಟವನ್ನಾದರೂ ಬರೆಯಬೇಕು.

ಈಗ ಸರ್ಕಾರ ನಮ್ಮನ್ನು ‘ಜಾನಪದ’ ಎಂದು ಕರೆಯುತ್ತದೆ. ಮೈಸೂರು ದಸರೆಯನ್ನೇ ನೋಡಿ. ಅರಮನೆ ಮುಂದಿನ ವೇದಿಕೆಯಲ್ಲಿ ಶಾಸ್ತ್ರೀಯ ಸಂಗೀತದವರು ಜಮಖಾನೆ ಮೇಲೆ ಕೂತು ನುಡಿಸುತ್ತಾರೆ. ಜನಪದ ತಂಡಗಳು ಜಂಬೂಸವಾರಿಯಲ್ಲಿ ಅರಮನೆಯಿಂದ ಬನ್ನಿಮಂಟಪದ ಕಡೆಗೆ ಸುಮಾರು 5 ಕಿಲೋಮೀಟರು ದಾರಿಯಲ್ಲಿ ಬಿಸಿಲಲ್ಲಿ ಕುಣಿಯುತ್ತಾ ನಡೆಯುತ್ತವೆ. ಜನಪದಕ್ಕೂ ಅಲ್ಲಿ ಇಲ್ಲಿ ವೇದಿಕೆ ಕೊಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಮಂತ್ರಿ ಬಂದಾಗ, ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಸಾರೋಟು ಹೊರಟಾಗ ಮೊದಲು ನೆನಪಾಗುವುದು ತಮಟೆ. ಸಾರೋಟು ನಿಂತು ಭಾಷಣ ಶುರುವಾದ ಮೇಲೆ ಆ ತಮಟೆಯವರು ಎಲ್ಲಿದ್ದಾರೆ, ಉಂಡರಾ ಅಂತ ಕೇಳುವವರಿಲ್ಲ. ಕೂತವನ ಸಂಗೀತವನ್ನು ಕೇಳುತ್ತಾರೆ, ನಡೆಯುವವನ ಸಂಗೀತ ಹಾದುಹೋಗುತ್ತದೆ. ಎರಡು ಕಲೆಗಳ ನಡುವಿನ ಭೇದ ಎಂದು ನಮಗೆ ಕಲಿಸಿದ್ದು ಎಷ್ಟೋ ಸಲ ಇಷ್ಟೇ: ಒಂದಕ್ಕೆ ಕೂರಲು ಜಾಗ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಾವು ಹೆಮ್ಮೆಪಟ್ಟೆವು. ಒಬ್ಬರ ಎದೆಗೆ ಪದಕ ಬಿದ್ದ ಮಾತ್ರಕ್ಕೆ ಉಳಿದವರ ಹೊಟ್ಟೆಗೆ ಅನ್ನ ಬೀಳುವುದಿಲ್ಲ ಎಂಬುದನ್ನೂ ಮರೆಯಲಿಲ್ಲ.

ಇನ್ನು ನಮ್ಮೊಳಗಿನ ಜಗಳ. ತಮಟೆ ಗುಲಾಮಗಿರಿಯ ಗುರುತು, ಅದನ್ನು ಒಲೆಗೆ ಹಾಕಿ ಅನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ಹಗುರವಾಗಿ ತೆಗೆಯಬಾರದು. ‘ಹೆಣಕ್ಕೆ ಬಾರಿಸುವುದಿಲ್ಲ’ ಎಂದದ್ದಕ್ಕೇ ಊರೂರುಗಳಲ್ಲಿ ನಮ್ಮವರಿಗೆ ಬಹಿಷ್ಕಾರ ಬಿದ್ದಿದೆ. ಅಂಗಡಿ, ಕೂಲಿ, ನೀರು ನಿಂತಿದೆ. ಆ ‘ಇಲ್ಲ’ದಿಂದಲೇ ನಾವು ಓದಿದೆವು. ಆದರೆ ಅದೇ ಕಾಲದಲ್ಲಿ ದಲಿತ ಸಂಘರ್ಷ ಸಮಿತಿಯ ಹಾಡುಗಾರರು ಅದೇ ತಮಟೆ ಹಿಡಿದು ಹಳ್ಳಿಹಳ್ಳಿ ಸುತ್ತಿದರು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಪುಸ್ತಕವಾಗಿ ಬಂತು; ಓದು ಬಾರದ ಸಾವಿರಾರು ಜನಕ್ಕೆ ಅದು ಮುಟ್ಟಿದ್ದು ಹಾಡಿನಿಂದ, ತಮಟೆಯಿಂದ. ಹಂಗಾದರೆ ಗುಲಾಮಗಿರಿ ವಾದ್ಯದಲ್ಲಿ ಇಲ್ಲ, ಬಾರಿಸು ಎನ್ನುವ ಅಪ್ಪಣೆಯಲ್ಲಿದೆ. ಇಲ್ಲ ಅನ್ನುವ ಹಕ್ಕು ಇದ್ದವನು ಬಾರಿಸಿದರೆ ಅದು ಕಲೆ. ಆ ಹಕ್ಕು ಇಲ್ಲದ ಕಡೆ ಬಿಟ್ಟಿ ಚಾಕರಿ. ಚೆನ್ನೈನಲ್ಲಿ ನಿರ್ದೇಶಕ ಪ. ರಂಜಿತ್ ಮುಂದಾಗಿ ಕಟ್ಟಿದ ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡ 2018ರ ಜನವರಿಯಲ್ಲಿ ಗಾನಾ ಹಾಡನ್ನು ದೊಡ್ಡ ವೇದಿಕೆಗೆ ಏರಿಸಿ ಮೀಸಲಾತಿಯ ಬಗ್ಗೆ, ಜಾತಿಯ ಬಗ್ಗೆ ಹಾಡಿತು. ಯಾರ ಮೆರವಣಿಗೆಗೂ ಬಾರಿಸಲಿಲ್ಲ.

ನಮ್ಮ ಏಪ್ರಿಲ್ 14ರ ಗತಿಯೂ ಹೇಳಬೇಕು. ಅಂಬೇಡ್ಕರ್ ಜಯಂತಿಗೆ ಹಲವು ಊರುಗಳಲ್ಲಿ ಈಗ ಡಿ.ಜೆ. ಪೆಟ್ಟಿಗೆಗಳು ಬಂದಿವೆ. ಹುಡುಗರು ಕುಣಿಯಲಿ, ಬೇಡವೆನ್ನಲು ನಾವ್ಯಾರು? ಆದರೆ ಎದೆ ನಡುಗಿಸುವ ಆ ಸದ್ದಿನಲ್ಲಿ ನಮ್ಮ ಹಾಡುಗಾರನ ಮಾತು ಕೇಳುವುದಿಲ್ಲ. ಬಾಡಿಗೆ ಪೆಟ್ಟಿಗೆಗೆ ಚಂದಾ ಎತ್ತುವ ನಾವು ಹಾಡುಗಾರನ ಬಸ್‌ಚಾರ್ಜಿಗೆ ಚೌಕಾಸಿ ಮಾಡಿದರೆ, ಮೇಲ್ಜಾತಿಯ ಸಭೆಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಆದ್ದರಿಂದ ಗೆಳೆಯರೇ, ಇಷ್ಟು ಮಾಡೋಣ. ಮೇಷ್ಟ್ರುಗಳು ಶಾಲೆಯ ವಾರ್ಷಿಕೋತ್ಸವಕ್ಕೆ ತಮಟೆಯವರನ್ನು ಗೇಟಿನಲ್ಲಿ ಅತಿಥಿ ಸ್ವಾಗತಕ್ಕೆ ನಿಲ್ಲಿಸಬೇಡಿ. ವೇದಿಕೆ ಮೇಲೆ ಕುರ್ಚಿ ಹಾಕಿ, ಮೈಕು ಕೊಟ್ಟು, ಒಂದು ಗಂಟೆ ಕೇಳಿ. ಭಾಷಣಕಾರರಿಗೆ ಕೊಡುವಷ್ಟೇ ಸಂಭಾವನೆಯನ್ನು ಲಕೋಟೆಯಲ್ಲಿಟ್ಟು ಕೊಡಿ. ವಿದ್ಯಾರ್ಥಿಗಳು ನಿಮ್ಮ ಊರಿನ ವರಸೆಗಳನ್ನು, ಕಲಿಸಿದವರ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮುದುಕರು ಕಾಯುವುದಿಲ್ಲ. ನಗರದ ಸಭೆಗಳಲ್ಲಿ ಪಕ್ಕವಾದ್ಯದವರ ಹೆಸರು ಹೇಳುವಾಗ ವಾದ್ಯ ಮಾಡಿದವರ ಹೆಸರನ್ನೂ ಹೇಳಿ ಎಂದು ಎದ್ದು ನಿಂತು ಕೇಳೋಣ. ಕೊಡದಿದ್ದರೆ ಮುಂದಿನ ಕಚೇರಿಯಲ್ಲೂ ಕೇಳೋಣ. ತನಿ ಆವರ್ತನ ಶುರುವಾದಾಗ ಮಾತ್ರ ಜಾಗ ಬಿಟ್ಟು ಏಳುವುದು ಬೇಡ.