ಲಿಫ್ಟ್ ಕೊಟ್ಟವನು ಯಾರು?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಂತ ಯೂಟ್ಯೂಬಿನಲ್ಲಿ ಹುಡುಕಿ ನೋಡಿ, 2016ರ ಫೈನಲ್‌ನ ಕೊನೇ ತುಣುಕು ಸಿಕ್ಕೇ ಸಿಗುತ್ತೆ. ವಿಲನೋವಾದ ಕ್ರಿಸ್ ಜೆಂಕಿನ್ಸ್ ದೂರದಿಂದ ಎಸೀತಾನೆ, ಚೆಂಡು ಗಾಳಿಯಲ್ಲಿರುವಾಗಲೇ ಸಮಯ ಮುಗಿಯುತ್ತೆ, ಚೆಂಡು ಬುಟ್ಟಿಗೆ ಬೀಳುತ್ತೆ. 77-74. ನಾರ್ತ್ ಕೆರೊಲಿನಾ ಸೋತಿತು. ಈ ತುಣುಕಿನ ಬಗ್ಗೆಯೇ ನನ್ನ ತಕರಾರು.

ಪೂರ್ತಿ ಆಟ ನೋಡಿದವರಿಗೆ ಕಾಣೋದೇ ಬೇರೆ. ಅರ್ಧ ಆಟಕ್ಕೆ ಕೆರೊಲಿನಾ 39-34 ಮುಂದಿತ್ತು. ಕೊನೆಯ ಐದಾರು ನಿಮಿಷ ಇರುವಾಗ ವಿಲನೋವಾ 10 ಪಾಯಿಂಟ್ ಮೇಲೆ. ಅಲ್ಲಿಂದ ಕೆರೊಲಿನಾ ಹತ್ತಿ ಬಂತು. ಮಾರ್ಕಸ್ ಪೇಜ್ ಗಾಳಿಯಲ್ಲೇ ಮೈ ತಿರುಚಿ ಎಸೆದು 74-74 ಮಾಡಿದಾಗ ಉಳಿದಿದ್ದು 4.7 ಸೆಕೆಂಡ್. ಆಮೇಲೆ ಗೆರೆಯಾಚೆಯಿಂದ ಚೆಂಡು ಒಳಗೆ ಕೊಟ್ಟವನು ಜೆಂಕಿನ್ಸನೇ. ಅದನ್ನು ಹಿಡಿದು ಓಡಿದವನು ರಯಾನ್ ಆರ್ಚಿಡಿಯಾಕೊನೊ. ಅದು ಅವನ ಕೊನೇ ಕಾಲೇಜು ಪಂದ್ಯ, ತಾನೇ ಎಸೆದಿದ್ದರೂ ಯಾರೂ ಬೇಡ ಅಂತಿರಲಿಲ್ಲ. ಎದುರಾಳಿಗಳನ್ನು ತನ್ನ ಕಡೆ ಎಳಕೊಂಡು, ಹಿಂದೆ ಬರ್ತಿದ್ದ ಜೆಂಕಿನ್ಸ್‌ಗೆ ಚೆಂಡು ಬಿಟ್ಟುಕೊಟ್ಟ.

ಗೆಂಡೆಹಳ್ಳಿ ಕಡೆ ವಾಲಿಬಾಲ್ ನೋಡೋರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಪ್ಪಾಳೆ ಸ್ಮ್ಯಾಶ್‌ಗೆ ನಿಜ, ಲಿಫ್ಟ್ ಸರಿ ಬರದಿದ್ರೆ ಸ್ಮ್ಯಾಶ್ ಎಲ್ಲಿಂದ ಬರಬೇಕು? ಅದಕ್ಕೇ ಟೂರ್ನಮೆಂಟಿನಲ್ಲಿ ಬೆಸ್ಟ್ ಲಿಫ್ಟರ್‌ಗೆ ಬೇರೆ ಕಪ್ ಇಡ್ತಾರೆ. ಅಮೆರಿಕದವರೂ ಆವತ್ತು ಅತ್ಯುತ್ತಮ ಆಟಗಾರ ಅಂತ ಆರಿಸಿದ್ದು ಆರ್ಚಿಡಿಯಾಕೊನೊನನ್ನು. ಮರೆತವರು ತುಣುಕು ನೋಡೋ ನಾವು.

ನಮ್ಮ ಆಟಗಳಲ್ಲೂ ಇದೇ ಚಾಳಿ. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ 38-33ರಲ್ಲಿ ಗುಜರಾತನ್ನು ಸೋಲಿಸಿ ಪ್ರೊ ಕಬಡ್ಡಿ ಗೆದ್ದಿತು. ಪವನ್ ಸೆಹ್ರಾವತ್ 22 ಪಾಯಿಂಟ್ ತಂದ, ಅದು ಎಲ್ಲರ ಬಾಯಲ್ಲೂ ಇದೆ. ಉಳಿದ 16 ಎಲ್ಲಿಂದ ಬಂತು ಅಂದ್ರೆ ತಲೆ ಕೆರಕೊಳ್ತೀವಿ. ಗೆದ್ದಿದ್ದು ಐದೇ ಪಾಯಿಂಟಿನಲ್ಲಿ ಅನ್ನೋದು ನೆನಪಿರಲಿ.

ತುಣುಕು ಹೇಳದ ಇನ್ನೊಂದು ಮಾತಿದೆ. ಜೆಂಕಿನ್ಸ್‌ನನ್ನು ಹುಡುಗನಾಗಿದ್ದಾಗಿಂದ ಮನೆಯಲ್ಲಿಟ್ಟು ಸಾಕಿದ್ದು ಬ್ರಿಟ್ ಕುಟುಂಬ. ಆ ಮನೆಯ ಮಗ ನೇಟ್ ಬ್ರಿಟ್ ಆವತ್ತು ಕೆರೊಲಿನಾ ಜೆರ್ಸಿಯಲ್ಲಿದ್ದ. ಒಂದೇ ಮನೆಯಲ್ಲಿ ಒಬ್ಬನಿಗೆ ಗೆಲುವು, ಒಬ್ಬನಿಗೆ ಸೋಲು. ಮರುವರ್ಷ ಕೆರೊಲಿನಾ ಮತ್ತೆ ಫೈನಲ್‌ಗೆ ಬಂದು ಗೆದ್ದಿತು, ನೇಟ್ ಆ ತಂಡದಲ್ಲೂ ಇದ್ದ.

ಒಂದು ಸಂಜೆ ಬಿಡುವು ಮಾಡ್ಕೊಂಡು ಪೂರ್ತಿ ಪಂದ್ಯ ನೋಡಿ. ಕೊನೇ ಎಸೆತ ಆಗ ಇನ್ನೂ ಚೆನ್ನಾಗಿ ಕಾಣುತ್ತೆ.