ಸಂತ ತೋಮಸರ ಅರಮನೆ

ಬ್ರೂಕ್‌ಫೀಲ್ಡ್ ಸುತ್ತಮುತ್ತ ಐಟಿ ಉದ್ಯೋಗಕ್ಕೆಂದು ಬಂದು ನೆಲೆಸಿದವರಲ್ಲಿ ಕೇರಳದ ಸಿರಿಯನ್ ಕ್ರೈಸ್ತರೂ ಇದ್ದಾರೆ. ಯೇಸುವಿನ ಶಿಷ್ಯ ಸಂತ ತೋಮಸರು ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿನಲ್ಲಿ ಬಂದಿಳಿದು ತಮ್ಮ ಹಿರಿಯರಿಗೆ ದೀಕ್ಷಾಸ್ನಾನ ನೀಡಿದರೆಂಬುದು ಅವರು ತಲೆಮಾರುಗಳಿಂದ ಕೇಳುತ್ತ ಬಂದ ಮಾತು. ಇದರಲ್ಲಿ ಇತಿಹಾಸವೆಷ್ಟು, ಐತಿಹ್ಯವೆಷ್ಟು ಎಂಬ ಪ್ರಶ್ನೆ ಎದ್ದಾಗ ನಾವು ಮೊದಲು ಬಿಡಿಸಿ ನೋಡಬೇಕಾದ ಕೃತಿ ‘ತೋಮಸರ ಕೃತ್ಯಗಳು’. ಇಂದಿನ ತುರ್ಕಿಯಲ್ಲಿರುವ ಎಡೆಸ್ಸಾ ಪಟ್ಟಣದಲ್ಲಿ, 3ನೇ ಶತಮಾನದಲ್ಲಿ, ಸಿರಿಯಾಕ್ ಭಾಷೆಯಲ್ಲಿ ರಚನೆಯಾಯಿತೆಂದು ವಿದ್ವಾಂಸರು ಭಾವಿಸುವ ಗ್ರಂಥವಿದು.

ಕಥೆಯೇನೋ ಸೊಗಸಾಗಿದೆ. ಭಾರತಕ್ಕೆ ಹೋಗಲೊಲ್ಲದ ತೋಮಸರನ್ನು ಯೇಸುವೇ ಹಬ್ಬಾನ್ ಎಂಬ ವರ್ತಕನಿಗೆ ಗುಲಾಮನಾಗಿ ಮಾರುತ್ತಾರೆ. ದೊರೆ ಗೊಂಡೋಫರ್ನಿಸ್ ಅರಮನೆ ಕಟ್ಟಲು ಹಣ ಕೊಡುತ್ತಾನೆ. ತೋಮಸರು ಅದನ್ನೆಲ್ಲ ಬಡವರಿಗೆ ಹಂಚಿ, ಅರಮನೆಯನ್ನು ಸತ್ತ ಮೇಲೆ ನೋಡುವಿರಿ ಎನ್ನುತ್ತಾರೆ. (ಕಂತು ಕಟ್ಟುತ್ತ ಫ್ಲ್ಯಾಟಿನ ಕೀಲಿಕೈಗೆ ಕಾಯುವ ಬ್ರೂಕ್‌ಫೀಲ್ಡ್‌ನವರಿಗೆ ದೊರೆಯ ಸಿಟ್ಟು ಚೆನ್ನಾಗಿ ಅರ್ಥವಾದೀತು!) ಸೆರೆಮನೆ ಸೇರಿದ ಅವರನ್ನು ಉಳಿಸುವುದು ದೊರೆಯ ಸತ್ತ ತಮ್ಮ. ಸ್ವರ್ಗದಲ್ಲಿ ಆ ಅರಮನೆಯನ್ನು ಕಣ್ಣಾರೆ ಕಂಡು ಆತ ಮರಳಿ ಬದುಕುತ್ತಾನೆ.

19ನೇ ಶತಮಾನದಲ್ಲಿ ಪಂಜಾಬ್, ಅಫ್ಘಾನಿಸ್ತಾನಗಳಲ್ಲಿ ಈ ದೊರೆಯ ನಾಣ್ಯಗಳು ಸಿಕ್ಕವು. ಕಥೆ ನಿಜವಾಯಿತೆಂದು ಹಲವರು ಹಿಗ್ಗಿದರು. ದೊರೆ ನಿಜವಾದ ಮಾತ್ರಕ್ಕೆ ಅವನ ಅತಿಥಿಯೂ ನಿಜವಾಗಬೇಕೇ? ಎಡೆಸ್ಸಾದ ಲೇಖಕನಿಗೆ ಆ ಹೆಸರು ವರ್ತಕರ ಬಾಯಿಂದ ತಲುಪಿರಬಹುದು. ಅಲ್ಲದೆ ಅವನು ಆಳಿದ್ದು ವಾಯುವ್ಯದಲ್ಲಿ. ಕೃತಿಯಲ್ಲಿ ಕೇರಳದ ಹೆಸರೇ ಇಲ್ಲ.

ಇದನ್ನು ಹೇಳುವಾಗ ನಾವು ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯನ್ನೂ ಕಾಸರಗೋಡು ತಳಂಗರೆಯ ಮಸೀದಿಯನ್ನೂ ಹಿಜರಿ 22ರಲ್ಲಿ ಮಾಲಿಕ್ ದೀನಾರ್ ತಂಡ ಕಟ್ಟಿತೆಂದು ಹೇಳುತ್ತ ಬಂದಿದ್ದೇವೆ. ಆದರೆ ಚರಿತ್ರೆ ಬಲ್ಲ ಮಾಲಿಕ್ ಬಿನ್ ದೀನಾರ್ ಬಸ್ರಾದ ವಿರಕ್ತರು. ಅವರು ತೀರಿಕೊಂಡದ್ದು ಅದಾಗಿ ಸುಮಾರು ನೂರು ವರ್ಷಗಳ ನಂತರ. ತೋಮಸರಿಗೆ ಒಂದು ಅಳತೆಗೋಲು, ದೀನಾರರಿಗೆ ಇನ್ನೊಂದು ಹಿಡಿಯುವುದು ನ್ಯಾಯವಲ್ಲ.

ಹಾಗೆ ನೋಡಿದರೆ ಕೇರಳದ ಕ್ರೈಸ್ತರ ಪ್ರಾಚೀನತೆಗೆ ಆ ಅರಮನೆಯ ಹಂಗೇ ಇಲ್ಲ. ಕಾಳುಮೆಣಸು ಬೆಳೆಯುವ ‘ಮಲೆ’ಯಲ್ಲಿ ಕ್ರೈಸ್ತರಿದ್ದಾರೆಂದು 6ನೇ ಶತಮಾನದಲ್ಲೇ ಕಾಸ್ಮಾಸ್ ಎಂಬ ವರ್ತಕ ಬರೆದಿದ್ದಾನೆ. ಕ್ರಿ.ಶ. 849ರಲ್ಲಿ ವೇಣಾಡಿನ ಅರಸ ಕೊಲ್ಲಂನ ಇಗರ್ಜಿಗೆ ಬರೆಸಿಕೊಟ್ಟ ತಾಮ್ರಪಟಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಪವಾಡವೊಂದೂ ಇಲ್ಲ. ತೆರಿಗೆ ವಿನಾಯಿತಿ, ತೂಕ-ಅಳತೆಯ ಅಧಿಕಾರ, ಇಂಥ ವ್ಯವಹಾರದ ಮಾತೇ ಎಲ್ಲ. ಕೊನೆಯಲ್ಲಿ ಸಾಕ್ಷಿಗಳ ಸಹಿ: ಕೆಲವು ಪಹ್ಲವಿಯಲ್ಲಿ, ಕೆಲವು ಹೀಬ್ರೂ ಲಿಪಿಯಲ್ಲಿ, ಕೆಲವು ಕೂಫಿ ಅರಬಿಯಲ್ಲಿ.